ಹರಕೆಯ ಬೆಲ್ಲ ಮತ್ತು ನನ್ನ ತೂಕದ ವಿಷಯವಾಗಿ

ಓದುಗ ಮಹನೀಯರಲ್ಲಿ ಸವಿನಯ ವಿನಂತಿ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಅಕ್ಷರ ದುಂಡಗಿಲ್ಲ, ಕಾಗುಣಿತದ ಮೇಲೆ ನನಗೇ ಭರವಸೆಯಿಲ್ಲ. ಆದಕಾರಣ ಮೊದಲಿಗೇ ಕ್ಷಮೆ ಕೋರಿ ವಿಷಯಕ್ಕೆ ಬರುತ್ತೇನೆ.

ನಾನು ವಾಡಿಯ ನಿವಾಸಿ, ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಕಳೆದ ವರ್ಷ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದಾಗ, ನಾನು ಉಳಿದರೆ ಮುಂದಿನ ಜಾತ್ರೆಗೆ ನನ್ನ ತೂಕದಷ್ಟು ಬೆಲ್ಲ ಅರ್ಪಿಸುವುದಾಗಿ ನನ್ನ ತಾಯಿ ಚಿಂಚೋಳಿ ಕಡೆಯ ಗುಡ್ಡದ ದೇವಿಗೆ ಹರಕೆ ಹೊತ್ತರು. ನಾನು ಉಳಿದೆ. ಆದರೆ ಮನೆಗೆ ಕಳಿಸುವಾಗ ವೈದ್ಯರು, ಜ್ವರಕ್ಕಿಂತ ನನ್ನ ಬೊಜ್ಜೇ ಅಪಾಯಕಾರಿಯೆಂದೂ, ತೂಕ ಇಳಿಸದಿದ್ದಲ್ಲಿ ಹೃದಯ ತಡೆಯಲಾರದೆಂದೂ ತಿಳಿಸಿದರು.

ನಮ್ಮ ಮನೆಯಲ್ಲಿದ್ದು ಓದುತ್ತಿದ್ದ ಅಕ್ಕನ ಮಗಳು ಕಬಡ್ಡಿ ಆಟಗಾರ್ತಿ. ಅವಳ ಬೆನ್ನಿಗೆ ನಾನೂ ಬೆಳಿಗ್ಗೆ ಮೈದಾನಕ್ಕೆ ಹೋಗತೊಡಗಿದೆ. ಅವಳು ನನ್ನನ್ನು ದಾಟಿ ಓಡುವಾಗ ಮಣ್ಣಿನ ಮೇಲೆ ಸಪ್ಪಳವೂ ಆಗುತ್ತಿರಲಿಲ್ಲ. ನನ್ನ ಉಸಿರು ಮಾತ್ರ ರಸ್ತೆಯವರೆಗೆ ಕೇಳುತ್ತಿತ್ತು.

"ಮಾಮಾ, ಸ್ವಲ್ಪ ಹಗೂರ ಉಸಿರಾಡ್ರಿ. ಗೂಡ್ಸ್ ಗಾಡಿ ಬಂತಂತ ತಿಳಿದು ರೈಲ್ವೆ ಗೇಟ್ ಹಾಕ್ಯಾರು!"

ಕೆಲವು ತಿಂಗಳಲ್ಲಿ ಪ್ಯಾಂಟು ಸಡಿಲಾಯಿತು. ಕಚೇರಿಯಲ್ಲಿ ಒಬ್ಬರೂ ಶಭಾಸ್ ಎನ್ನಲಿಲ್ಲ. "ಸಕ್ಕರಿ ಬ್ಯಾನಿ ಹತ್ಯದೇನ್ರಿ? ಮನ್ಯಾಗ ಏನರೆ ತ್ರಾಸ ಅದ ಏನು?" ಎಂದು ಕಿವಿಯ ಹತ್ತಿರ ಬಂದು ಕೇಳಿದರು. ನಮ್ಮ ಕಡೆ ಹೊಟ್ಟೆ ಬಂದವನು ಸುಖವಂತ, ಕರಗಿದವನು ರೋಗಿ.

ಆಮೇಲೆ ತೂಕ ಇಳಿಯುವುದು ಏಕಾಏಕಿ ನಿಂತಿತು. ಮೆಲ್ಲಗೆ ಏರತೊಡಗಿತು ಸಹ. ನಾನು ಮೊದಲು ಔಷಧ ಅಂಗಡಿಯ ತೂಕದ ಯಂತ್ರವನ್ನು ಸಂಶಯಿಸಿದೆ, ನಂತರ ನನ್ನ ಕಾಲುಗಳನ್ನು. ಕೊನೆಗೆ ಒಂದು ಚಳಿಯ ಬೆಳಿಗ್ಗೆ, ನನ್ನ ಬೇಳೆಯ ಬಟ್ಟಲಿನ ಅಂಚಿನಲ್ಲಿ ತುಪ್ಪ ಹೆಪ್ಪುಗಟ್ಟಿದ್ದು ಕಂಡಿತು. ಅಕ್ಕನ ಮಗಳು ತನ್ನ ಬಟ್ಟಲನ್ನು ನನ್ನದರ ಪಕ್ಕ ತಂದಿಟ್ಟಳು. ಅದರಲ್ಲಿ ತುಪ್ಪದ ಸುಳಿವೂ ಇರಲಿಲ್ಲ.

"ಆಯಿ, ಎರಡೂ ಒಂದೇ ಗಡಿಗ್ಯಾಗಿನ ಬ್ಯಾಳಿ ಏನು?" ಎಂದು ಅಜ್ಜಿಯನ್ನು ಕೇಳಿದಳು.

ತಾಯಿ ಅವಳಿಗೆ ಉತ್ತರಿಸದೆ ನನ್ನ ಮೇಲೆಯೇ ತಿರುಗಿಬಿದ್ದರು. "ನೀ ಯಾಕ ಓಡಾಕತ್ತೀದಿ ನನಗ ತಿಳಿಯಲ್ಲಂತ ಮಾಡೀದೇನು? ದೇವಿಗಿ ಬೆಲ್ಲ ಕಡಿಮಿ ಮಾಡ್ಲಿಕ್ಕಿ!"

"ಅವ್ವಾ, ಡಾಕ್ಟರು ಹೇಳ್ಯಾರ."

"ಡಾಕ್ಟರು ಹರಕಿ ಹೊತ್ತಾನೇನು? ಬೇಡ್ಕೊಂಡಾಗ ಎಷ್ಟಿದ್ದಿ, ಅಷ್ಟೇ ಕೊಡಬೇಕು. ಕಡಿಮಿ ಬಿದ್ದದ್ದು ಆಕಿ ನಿನ್ನ ಜೀವದಾಗ ಮುರಕೋತಾಳ."

ಹೀಗೆ ನನ್ನನ್ನು ಉಳಿಸಿಕೊಳ್ಳಲೆಂದೇ ಅವರು ತುಪ್ಪ ಹಾಕುತ್ತಿದ್ದರು. ಬದುಕಲೆಂದೇ ನಾನು ಓಡುತ್ತಿದ್ದೆ. ಅಂದಿನಿಂದ ಅವರು ನನ್ನ ಬೂಟುಗಳನ್ನು ಬಚ್ಚಿಟ್ಟರು. ನಾನು ಅವರ ಕೈಯ ರೊಟ್ಟಿಯನ್ನೂ ಮಗುಚಿ ನೋಡಿ ತಿನ್ನತೊಡಗಿದೆ.

ದಾರಿ ತೋರಿದವಳು ಅಕ್ಕನ ಮಗಳು. "ಕಡಿಮಿ ಬಿದ್ದಷ್ಟು ಶಹಾಬಾದ್ ಕಲ್ಲು ಮಾಮಾನ ತೊಡಿ ಮ್ಯಾಲ ಇಡು ಆಯಿ. ದೇವಿಗಿ ಪೂರಾ ಬೆಲ್ಲ ಹೋಗ್ತದ."

ಗುಡಿಯ ಪೂಜಾರಿಗಳು ನಕ್ಕು ಒಪ್ಪಿದರು: "ದೇವಿಗಿ ಬೆಲ್ಲ ಬೇಕ್ರಿ ಅಮ್ಮಾ, ನಿಮ್ಮ ಮಗನ ಹೊಟ್ಟಿ ಅಲ್ಲ."

ಜಾತ್ರೆಯ ದಿನ ಗುಡಿಯ ತಕ್ಕಡಿಯಲ್ಲಿ ಕುಳಿತ ನನ್ನ ತೊಡೆಯ ಮೇಲೆ ಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದರಂತೆ ಪೇರಿಸಿದರು. ಎದುರಿನ ತಟ್ಟೆಯಲ್ಲಿ ಬೆಲ್ಲದ ಮುದ್ದೆಗಳು ಏರಿ ಸಮವಾಗುವಷ್ಟರಲ್ಲಿ ಕಾಲು ಮರಗಟ್ಟಿದವು, ಉಸಿರು ಬಿಗಿಯಿತು. ಅದು ನನಗೆ ಹೊಸ ಉಸಿರಲ್ಲ. ಕಚೇರಿಯ ಮೆಟ್ಟಿಲಲ್ಲಿ ವರ್ಷಗಟ್ಟಲೆ ಎಳೆದ ಉಸಿರೇ.

ಕಲ್ಲು ಇಳಿಸಲು ತಾಯಿಯೇ ಮುಂದೆ ಬಂದರು. ಕೆಳಗಿನ ಚಪ್ಪಡಿ ಅವರ ಕೈಗೆ ಅಲುಗಲಿಲ್ಲ. ಅದರ ಮೇಲೆ ಕೈಯಿಟ್ಟೇ ಕೇಳಿದರು:

"ಇಷ್ಟು ಭಾರ ನಿನ್ನ ಮೈಯಾಗ ಇತ್ತೇನೋ?"

"ಇತ್ತವ್ವಾ."

ಊರಿಗೆ ಮರಳಿದ ಸಂಜೆ ತಟ್ಟೆಗೆ ಒಣ ರೊಟ್ಟಿ ಬಂದಿತು. ನಾನು ಅಭ್ಯಾಸಬಲದಿಂದ ಮಗುಚಿ ಮೂಸಿದೆ.

"ಏನು ಮೂಸಾಕತ್ತೀದಿ? ವಿಷ ಹಾಕೀನೇನು?" ಎಂದು ಗದರಿ, ಬಚ್ಚಿಟ್ಟಿದ್ದ ಬೂಟುಗಳನ್ನು ತಂದು ಹೊಸ್ತಿಲಲ್ಲಿಟ್ಟರು.

ಬೇಳೆಯ ವಿಷಯದಲ್ಲಿ ನನ್ನ ಸಂಶಯ ಪೂರ್ತಿ ನಿವಾರಣೆಯಾಗಿಲ್ಲವೆಂಬುದನ್ನು ಇಲ್ಲಿ ನಮೂದಿಸಬೇಕು. ಮೇಲಿನ ಬರಹದಲ್ಲಿ ಲೋಪದೋಷಗಳು ಕಣ್ಣಿಗೆ ಬಿದ್ದಲ್ಲಿ, ತಾವು ಸಂಕೋಚವಿಲ್ಲದೆ ಗೆರೆ ಎಳೆದು ತಿದ್ದಿಕೊಡಬೇಕಾಗಿ ಕೋರುತ್ತೇನೆ.