ಮೊಳಕೆ ಬಂದ ಕೌದಿ

ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ನನಗೆ ಮೊದಲಿನಿಂದಲೂ ಆಗದ ಮಾತು. ಟಿಕೋಟಾದ ಶಾಲೆಯಲ್ಲಿ ಹಾಜರಿ ಕೂಗಿದರೆ ಪಕ್ಕದ ಹುಡುಗಿಯೇ ನನ್ನ ಪರವಾಗಿ "ಬಂದಾಳ್ರಿ" ಅನ್ನುತ್ತಿದ್ದಳು. ಆದ್ದರಿಂದ ಅಥಣಿ ರಸ್ತೆಯ ನಮ್ಮ ಮನೆಯ ಹತ್ತಿರ ಶುರುವಾದ ಕರಕುಶಲ ತರಗತಿಗೆ ನಿಮ್ಮ ಅವ್ವ, ಅಂದರೆ ನನ್ನ ಸೊಸೆ, ನನ್ನ ಹೆಸರು ಹಚ್ಚಿದಾಗ ನಾನು ಕೇಳಿದ್ದು ಒಂದೇ ಮಾತು.

"ಅಲ್ಲಿ ಮಾತಾಡೂದು ಇರ್ತದೇನ?"

"ಏನೂ ಇಲ್ರಿ ಅತ್ತಿ. ಸುಮ್ನ ಹೊಲಿಯೂದು."

ಅಲ್ಲಿ ಕಲಿಸಿದ್ದು ಗೋಡೆಗೆ ತೂಗುಹಾಕುವ ಕೌದಿ. ಹೊದೆಯಲಿಕ್ಕಲ್ಲ, ನೋಡಲಿಕ್ಕೆ. ಬಟ್ಟೆ ತುಂಡುಗಳ ನಡುವೆ ನಾವೇ ಮಾಡಿದ ಬಣ್ಣದ ಕಾಗದವನ್ನೂ ಹೊಲಿಯಬೇಕು. ಹೊದೆಯದ ಕೌದಿ ಯಾತಕ್ಕೆ ಎಂದು ಕೇಳುವ ಧೈರ್ಯ ಆಗಲಿಲ್ಲ. ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನು ನೆನೆಹಾಕಿ, ಮಿಕ್ಸರಿನಲ್ಲಿ ತಿರುವಿ, ಚೆಂಡುಹೂವಿನ ಎಸಳು, ಉಳ್ಳಾಗಡ್ಡಿ ಸಿಪ್ಪೆ ಕಲಸಿದೆ. ಆ ಮುದ್ದೆಯನ್ನು ನೀರಿನಿಂದ ತೆಳ್ಳಗೆ ಸೋಸಿ ಕಾಗದವಾಗಿ ಎತ್ತಲು ಬಲೆ ಹೊಡೆದ ಚೌಕಟ್ಟು ಬೇಕಿತ್ತು. ನಾನು ಹಿಟ್ಟು ಜರಡಿ ಹಿಡಿಯುವ ಸಾಣಗಿ ಬಳಸಿದೆ. ಹೀಗಾಗಿ ನನ್ನ ಕಾಗದಗಳೆಲ್ಲ ದುಂಡಗೆ ಬಂದವು.

ಮಾಳಿಗೆಯ ಮೇಲೆ ಅವು ಒಣಗುತ್ತಿದ್ದಾಗ ಬಬಲೇಶ್ವರದಿಂದ ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ನಿಮ್ಮ ಸಣ್ಣಾಯಿ, ಬಂದಳು. ಒಂದನ್ನು ಎತ್ತಿ ಮೂಸಿದಳು.

"ಅಕ್ಕಾ, ಇದು ಯಾವ ಹಿಟ್ಟಿನ ರೊಟ್ಟಿ ಬೇ?"

"ಲಗ್ನಪತ್ರಿಕಿದು."

"ಅದಕ್ಕ ನಡುವ 'ಚಿ. ಸೌ.' ಅಂತ ಕಾಣಾಕತ್ತೈತಿ. ಯಾರ ಮಗಳನ್ನ ಅರದೀ?"

ಕೌದಿಯ ಬಾಯಿ ಮುಚ್ಚುವ ಮುನ್ನ ಅದರ ಹೊಟ್ಟೆಗೆ ಒಂದಿಷ್ಟು ಜೋಳ ಹಾಕುವುದು ನಮ್ಮ ಅತ್ತೆಯವರ ಪದ್ಧತಿ. ಹಸಿದ ಕೌದಿ ಹೊದ್ದರೆ ನಿದ್ದೆ ಬರುವುದಿಲ್ಲ ಅನ್ನುತ್ತಿದ್ದರು. ಇದನ್ನು ಯಾರೂ ಹೊದೆಯುವುದಿಲ್ಲವಲ್ಲ ಎಂದೆ.

"ಹಂಗಾದ್ರ ಗ್ವಾಡಿ ಉಪಾಸ ಮಲಗಬೇಕೇನ?" ಅಂದಳು ನೆಗೆಣ್ಣಿ.

ಇಬ್ಬರೂ ಕೂತು ಪ್ರತಿ ಕಾಗದದ ಕೆಳಗೂ ಜೋಳ ಇಟ್ಟು ಹೊಲಿದೆವು. ಕಾಗದ ಇನ್ನೂ ಪೂರ್ತಿ ಒಣಗಿರಲಿಲ್ಲ. ಧೂಳು ಕೂಡಬಾರದೆಂದು ನಾನು ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತರಗತಿಗೆ ಕೊಟ್ಟುಬಂದೆ.

ಆಮೇಲೆ ತಿಳಿಯಿತು: ಸಿದ್ಧೇಶ್ವರ ಗುಡಿಯ ಹತ್ತಿರದ ಸಭಾಭವನದಲ್ಲಿ ಪ್ರದರ್ಶನವಿದೆ, ಪ್ರತಿಯೊಬ್ಬರೂ ತಮ್ಮ ಕೌದಿಯ ಪಕ್ಕ ನಿಂತು ಮೈಕಿನಲ್ಲಿ ಎರಡು ಮಾತು ಹೇಳಬೇಕು. ಜ್ವರವಾದರೂ ಬರಬಾರದೇ ಅನ್ನಿಸಿತು. ಬರಲಿಲ್ಲ. ನಾನು ಮಾಡಿದ್ದೊಂದು ಗೋಡೆಯ ಮೇಲೆ ತೂಗುವುದನ್ನು ನೋಡುವ ಆಸೆಯೂ ಬಿಡಲಿಲ್ಲ. ಕೊನೆಗೆ ನನ್ನ ಬದಲು ಮಾತಾಡಲು ನೆಗೆಣ್ಣಿಯನ್ನು ಒಪ್ಪಿಸಿ ಕರೆದೊಯ್ದೆ.

ಅಲ್ಲಿ ಚೀಲ ಬಿಚ್ಚಿದರೆ ಕೌದಿಗೆ ಮೊಳಕೆ ಬಂದಿತ್ತು. ಬೆಳ್ಳನೆಯ ಎಳೆಗಳು ಕಾಗದ ಹರಿದು ಹೊರಗೆ ಇಣುಕುತ್ತಿದ್ದವು. ತೂಗುಹಾಕಿದಾಗ ಮುದುಕನೊಬ್ಬ ಗಡ್ಡ ಬಿಟ್ಟುಕೊಂಡು ನಿಂತ ಹಾಗೆ ಕಾಣುತ್ತಿತ್ತು. ಕಲಿಸಿದ ಟೀಚರು ಒಂದು ಮೊಳಕೆ ಮುಟ್ಟಿ ನೋಡಿ, "ಇದನ್ನ ನಾ ಕಲಿಸಿಲ್ರಿ" ಅಂದರು.

ನಾನು ಕಂಬದ ಮರೆಗೆ ಸರಿದೆ. ನೆಗೆಣ್ಣಿ ಮೈಕ್ ಹಿಡಿದಳು.

"ನಮಸ್ಕಾರ್ರಿ. ಕೌದಿ ನಮ್ಮ ಅಕ್ಕಂದು, ಬುದ್ಧಿ ನಂದು. ಜ್ವಾಳ ಬೇಕಂತನ ಬಿತ್ತೀವ್ರಿ. ಸುಗ್ಗಿಗೆ ಬರ್ರಿ, ತೆನಿ ಕೊಡ್ತೀವಿ." ಜನ ನಕ್ಕರು. ಅಲ್ಲಿಯವರೆಗೆ ನಾನು ತಡೆದುಕೊಂಡೆ. ಅವಳು ಮುಂದುವರಿಸಿದಳು: "ಈ ಕಡಿ ಹೊಲಿಗಿ ಸೊಟ್ಟ ಅದಾವ. ಅಕ್ಕಗ ಕಣ್ಣು ಮಂಜಾಗ್ಯಾವ, ಹೊಟ್ಟ್ಯಾಗ ಹಾಕ್ಕೊಳ್ರಿ."

ಕಂಬದ ಹಿಂದಿನಿಂದ ಹೇಗೆ ಬಂದೆನೋ ತಿಳಿಯದು, ಮೈಕ್ ನನ್ನ ಕೈಯಲ್ಲಿತ್ತು.

"ಆ ಸೊಟ್ಟ ಹೊಲಿಗಿ ಈಕಿದ್ರಿ. ನನ್ನವು ಈ ಕಡಿ ಅದಾವ, ಹತ್ರ ಬಂದು ನೋಡ್ರಿ."

ಜನ ನಿಜವಾಗಿಯೂ ಹತ್ತಿರ ಬಂದರು. ಸೂಜಿ ಹಿಡಿಯುವ ಬಗೆ, ದಾರಕ್ಕೆ ಮೇಣ ತಿಕ್ಕುವುದು, ಒಳ್ಳೆಯ ಜೋಳ ಯಾವುದು, ಸಾಣಗಿ ಎಲ್ಲಿ ಸಿಗುತ್ತದೆ ಎಲ್ಲವನ್ನೂ ಹೇಳಿದೆ. ನನ್ನ ನಂತರ ಮಾತಾಡಬೇಕಿದ್ದವರು ಕುರ್ಚಿ ಎಳೆದುಕೊಂಡು ಕೂತರು. ಟೀಚರು ಕೈಸನ್ನೆ ಮಾಡಿದರು. ನಾನೂ ಅವರಿಗೆ ಕೈಮುಗಿದು ಮುಂದುವರಿಸಿದೆ. ಕೊನೆಗೆ ಯಾರೋ ಮೈಕಿನ ವಾಯರ್ ಕಿತ್ತರು.

ಗಾಂಧಿ ಚೌಕದವರೆಗೆ ನಡೆದು ಹೋದೆವು. ಆಟೋ ಹತ್ತುವಾಗ ನೆಗೆಣ್ಣಿ ಅಂದಳು:

"ಮೈಕ್ ಬಂದ್ ಆದ ಮ್ಯಾಲೂ ಮಾತಾಡಾಕತ್ತಿದ್ದೆಲ್ಲ ಬೇ."

"ಹಿಂದ ಕುಂತವರಿಗೆ ಕೇಳಬೇಕಲ್ಲ," ಎಂದೆ.