ಉಪ್ಪು ಕೇಳಬಾರದ ಎರಡು ದಿನ

ಬಸ್ಸು ತಪ್ಪಬಹುದಿತ್ತು. ಬಸ್ಸು ಸಿಕ್ಕಿಯೂ ಬೇತಮಂಗಲದ ಹಾದಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ನಾನಿಲ್ಲದ ಹೊತ್ತಿನಲ್ಲಿ ಗಂಡ ಇಟ್ಟ ಹಾಲು ಉಕ್ಕಿ ಒಲೆಯ ಉರಿ ಆರಿ, ಅವರು ಅದನ್ನು ಗಮನಿಸದೆ ಪೇಪರ್ ಓದುತ್ತ ಕೂತು, ಗ್ಯಾಸು ತುಂಬಿಕೊಂಡು ಬಂಗಾರಪೇಟೆಯ ನಮ್ಮ ಬೀದಿಯೇ ಹಾರಿಹೋಗಬಹುದಿತ್ತು. ಎಲ್ಲರೂ ಕಣ್ಣು ಮುಚ್ಚಿ ಕೂತಿರುವಾಗ ನನ್ನ ಹೊಟ್ಟೆ ಗುಡುಗಬಹುದಿತ್ತು. ಕೆಮ್ಮು ಹತ್ತಬಹುದಿತ್ತು. ಗೊರಕೆ ಹೊಡೆಯುತ್ತೇನೆಂದು ಗಂಡ ಹೇಳುವುದು ನಿಜವೆಂದು ಪರವೂರಿನ ಹೆಂಗಸರ ಮುಂದೆ ಸಾಬೀತಾಗಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅಷ್ಟೊಂದು ಮೌನದಲ್ಲಿ ದೇವರು ನಿಜವಾಗಿಯೂ ಏನಾದರೂ ಮಾತಾಡಿಬಿಡಬಹುದಿತ್ತು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹೀಗೆ ಬೇತಮಂಗಲದ ಕೆರೆ ದಾಟಿ ಇದ್ದ ಧ್ಯಾನಮಂದಿರಕ್ಕೆ ಎರಡು ದಿನದ ಮೌನಕ್ಕೆಂದು ಹೊರಟಾಗ, ಆಗಬಾರದ್ದು ಏನೇನು ಆಗಬಹುದೆಂದು ಪೂರ್ತಿ ಯೋಚಿಸಿಟ್ಟುಕೊಂಡೇ ಹೊರಟಿದ್ದೆ. ನನ್ನ ನಾದಿನಿ ಅಲ್ಲಿಗೆ ಬರಬಹುದು ಅನ್ನುವುದೊಂದು ಮಾತ್ರ ತಲೆಗೆ ಹೊಳೆದಿರಲಿಲ್ಲ.

ನಾನು ಹೋದದ್ದು ದಣಿದು. ಹಿಂದಿನ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅತ್ತೆ ತೀರಿಕೊಂಡಿದ್ದರು. ಅವರು ಹಾಸಿಗೆ ಹಿಡಿದಿದ್ದಷ್ಟು ಕಾಲವೂ ಬೆಳಿಗ್ಗೆ ಅವರನ್ನು ತೊಳೆದು, ಶಾಲೆಗೆ ಓಡಿ, ಮಕ್ಕಳಿಗೆ ಕನ್ನಡ ಪಾಠ ಹೇಳಿ, ಮತ್ತೆ ಓಡಿ ಬಂದು ತೊಳೆದವಳು ನಾನು. ಅವರು ಹೋದ ಮೇಲೆ ಎಲ್ಲರೂ ‘ಇನ್ನಾದರೂ ರೆಸ್ಟ್ ತಗೊಳ್ಳಿ’ ಅಂದರು. ತಗೊಂಡೆ. ಮಲಗಿದರೆ ಕಣ್ಣು ತೆರೆದೇ ಇರುತ್ತಿತ್ತು. ಜಪಸರ ಹಿಡಿದು ಕೂತರೆ ಎರಡನೆಯ ಮಣಿಗೇ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಪ್ರಾರ್ಥನೆಯ ಬದಲು ಒಂದು ಕೂಗು ಕೇಳಿಸುತ್ತಿತ್ತು.

ಮಣ್ಣು ಮಾಡುವ ದಿನದ ಕೂಗು ಅದು. ಶವದ ಪೆಟ್ಟಿಗೆ ಇನ್ನೂ ಅಂಗಳದಲ್ಲಿತ್ತು, ಬೀದಿಯವರೆಲ್ಲ ಸೇರಿದ್ದರು. ಚಿನ್ನದ ಗಣಿಯ ಕೋರಮಂಡಲ್‌ನಿಂದ ಆಟೋದಲ್ಲಿ ಬಂದಿಳಿದ ನಾದಿನಿ ಪೆಟ್ಟಿಗೆಯ ಮೇಲೆ ಬಿದ್ದು, ಊರಿಗೆಲ್ಲ ಕೇಳುವ ಹಾಗೆ ಗೋಳಿಟ್ಟಳು: “ಉಪ್ಪಿಲ್ದಿರೋ ಗಂಜಿ ಉಯ್ದು ಉಯ್ದು ನಮ್ಮಮ್ಮುನ್ನ ಸಾಯ್ಸುಬುಟ್ರಲ್ಲಪ್ಪಾ!”

ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಗಂಜಿ ಹೊಯ್ದದ್ದು ನಿಜ. ಉಪ್ಪಿಲ್ಲದ್ದೂ ನಿಜ. ಕಿಡ್ನಿ ಕೆಟ್ಟವರಿಗೆ ಉಪ್ಪು ಮುಟ್ಟಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಮೈಸೂರು ಮೈನ್ಸ್‌ನ ಗಣಿ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿ, ಕರುವಾಡು ತಿಂದೇ ಬೆಳೆದವರು. ಒಣಮೀನಿಲ್ಲದ ಊಟವನ್ನು ಊಟವೆಂದೇ ಒಪ್ಪದವರು. “ಒಂದ್ ಅರಳು ಉಪ್ಪು ಆಕಮ್ಮಾ, ನಿನ್ ಕಾಲಿಗ್ ಬೀಳ್ತೀನಿ” ಎಂದು ಬೇಡುತ್ತಿದ್ದರು. ಹಾಕುತ್ತಿರಲಿಲ್ಲ. ಆಗ ನನ್ನ ವಂಶವನ್ನೆಲ್ಲ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯುತ್ತಿದ್ದರು. ಮಗಳು ಮಾತ್ರ ಅಪರೂಪಕ್ಕೆ ಬಂದು, ಸೀರೆಯ ಮರೆಯಲ್ಲಿ ಕರುವಾಡು ತಂದು, ತಾಯಿಗೆ ತಿನ್ನಿಸಿ, ‘ನನ್ನ ಬಂಗಾರ’ ಅನ್ನಿಸಿಕೊಂಡು ಸಂಜೆ ರೈಲಿಗೆ ಹೋಗಿಬಿಡುತ್ತಿದ್ದಳು. ಮರುದಿನ ಕುಂಬಳಕಾಯಿಯ ಹಾಗೆ ಊದಿದ ಕಾಲುಗಳು ನನ್ನ ಪಾಲಿಗೆ.

ಈಗ ಅತ್ತೆಯ ವರ್ಷದ ಪೂಜೆ ಹತ್ತಿರ ಬರುತ್ತಿತ್ತು. ಅದೇ ಅಂಗಳ, ಅದೇ ಬೀದಿಯವರು. ಆ ಕೂಗನ್ನು ಅವಳು ನಾಲ್ಕು ಜನರ ಮುಂದೆ ವಾಪಸು ತೆಗೆದುಕೊಳ್ಳಬೇಕು. ನನಗೆ ಬೇಕಿದ್ದುದು ಅಷ್ಟೇ. ನಾಲ್ಕು ಎಂದರೆ ಕನಿಷ್ಠ. ನಲವತ್ತಾದರೆ ಇನ್ನೂ ಒಳ್ಳೆಯದು. ಅದಾಗದೆ ನನಗೆ ನಿದ್ದೆಯಾಗಲಿ ಜಪವಾಗಲಿ ಸಾಧ್ಯವಿಲ್ಲವೆಂದು ತೀರ್ಮಾನಿಸಿಕೊಂಡಿದ್ದೆ. ನಮ್ಮ ಚರ್ಚಿನ ಫಾದರ್ ನನ್ನ ಕಣ್ಣ ಕೆಳಗಿನ ಕಪ್ಪು ನೋಡಿ, “ಟೀಚರಮ್ಮಾ, ಸ್ವಲ್ಪ ದಿನ ಪ್ರಾರ್ಥನೆ ಬಿಡಿ. ಸುಮ್ಮನೆ ಕೂರೋದು ಕಲ್ತುಕೊಂಡು ಬನ್ನಿ” ಎಂದು ಈ ಧ್ಯಾನಕೂಟಕ್ಕೆ ಕಳಿಸಿದ್ದರು. ಮಕ್ಕಳಿಗೆ ‘ಮಾತಾಡಬೇಡಿ’ ಎಂದು ಕೂಗುವುದೇ ಉದ್ಯೋಗವಾದವಳಿಗೆ ಮೌನ ಕಷ್ಟವಾಗಲಾರದು ಅಂದುಕೊಂಡೆ.

ಗೇಟಿನ ಹತ್ತಿರ ಕೋರಮಂಡಲ್‌ನ ಹೆಂಗಸರ ಗುಂಪು ನಿಂತಿತ್ತು. ಅದರ ನಡುವೆ ಅವಳು.

“ಅಣ್ಣೀ…” ಅಂದಳು. ತಮಿಳು ಮನೆಗೆ ಸೊಸೆಯಾಗಿ ಹೋದ ಮೇಲೆ ಅತ್ತಿಗೆ ಎನ್ನುವುದನ್ನು ಬಿಟ್ಟಿದ್ದಾಳೆ.

“ಚೆನ್ನಾಗಿದೀಯಾ?” ಅಂದೆ, ಚೆನ್ನಾಗಿರಬಾರದೆಂಬ ಆಸೆಯಿಂದ.

ಹೆಸರು ಬರೆದುಕೊಳ್ಳುತ್ತಿದ್ದ ವಯಸ್ಸಾದ ಸಿಸ್ಟರ್ ಅವಳು ‘ಅಣ್ಣಿ’ ಅಂದದ್ದು ಕೇಳಿ, ಇಬ್ಬರ ಮುಖವನ್ನೂ ನೋಡಿ, “ಒಂದೇ ಮನೆಯೋರಾ? ಒಳ್ಳೇದಾಯ್ತು. ಹಂಗಾದ್ರೆ ಒಂದೇ ಡೆಸ್ಕು” ಅಂದರು.

ಆ ಕಟ್ಟಡ ಹಿಂದೆ ಶಾಲೆಯಾಗಿತ್ತು. ಊಟಕ್ಕೂ ಅದೇ ಇಬ್ಬರು ಕೂರುವ ಹಳೆಯ ಡೆಸ್ಕುಗಳು. ಗೋಡೆಯ ಕಡೆ ನಾನು, ಈಚೆ ಅವಳು. ಮೌನ ಶುರುವಾಗುವ ಮುಂಚೆ ಸಿಸ್ಟರ್ ನಿಯಮ ಹೇಳಿದರು. ಯಾವ ಪ್ರಾರ್ಥನೆಯನ್ನೂ ಬಾಯಿಪಾಠ ಒಪ್ಪಿಸಬೇಡಿ. ಒಂದು ಪದ ಇಟ್ಟುಕೊಳ್ಳಿ, ಉಸಿರಿನ ಜೊತೆ ಅದನ್ನು ಮೆಲ್ಲಗೆ ಬಿಡಿ. ಬೇರೆ ಯೋಚನೆ ಬಂದರೆ ಜಗಳಕ್ಕೆ ಹೋಗಬೇಡಿ, ಪದಕ್ಕೆ ವಾಪಸು ಬನ್ನಿ. ಸಂಜೆ ಕೂತು ಆ ದಿನವನ್ನು ಮೊದಲಿಂದ ಇನ್ನೊಂದು ಸಲ ನೋಡಿ. ಆಮೇಲೆ ಊಟದ ನಿಯಮ.

“ಊಟದಲ್ಲಿ ಏನನ್ನೂ ಕೇಳೋ ಹಂಗಿಲ್ಲ. ಕೈಸನ್ನೆನೂ ಬೇಡ. ಪಕ್ಕದೋರಿಗೆ ನೀರು ಬೇಕಾ, ಸಾರು ಬೇಕಾ, ನೀವೇ ನೋಡಿ ಕೊಡಬೇಕು. ಬೀಪಿ ಇರೋರು ಜಾಸ್ತಿ ಬರ್ತಾರೆ ಅಂತ ಅಡುಗೇಲಿ ಉಪ್ಪು ಹಾಕ್ಸಲ್ಲ. ಡೆಸ್ಕಿಗೊಂದು ಬಟ್ಲು ಇಟ್ಟಿರ್ತೀವಿ, ಬೇಕಾದೋರು ಹಾಕ್ಕೊಳ್ಳಿ.”

ದೇವರು ಮಾತಾಡಿಬಿಟ್ಟಾನೆಂದು ಹೆದರಿದ್ದೆನಲ್ಲ, ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಮಾತಾಡುತ್ತಾನೆಂದುಕೊಂಡಿರಲಿಲ್ಲ.

ಗಂಟೆ ಹೊಡೆಯಿತು. ಮುದ್ದೆ ಬಂತು, ಸೊಪ್ಪಿನ ಸಾರು ಬಂತು. ನಾನು ನೀರಿನ ಚೊಂಬನ್ನು ಸರಿ ಮಾಡುವವಳ ಹಾಗೆ ಉಪ್ಪಿನ ಬಟ್ಟಲನ್ನು ಗೋಡೆಯ ಕಡೆ ತಳ್ಳಿ, ಚೊಂಬನ್ನು ಅದಕ್ಕೆ ಅಡ್ಡ ಇಟ್ಟೆ. ಅವಳು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಕಣ್ಣು ಒಂದು ಗಳಿಗೆ ನಿಂತಿತು. ಆಹಾ! ತಲೆಯೆತ್ತಿ ಅತ್ತಿತ್ತ ನೋಡಿದಳು. ನಾನು ಕಣ್ಣು ತಗ್ಗಿಸಿ, ಮದರ್ ಸುಪೀರಿಯರಿನ ಮುಖ ಮಾಡಿಕೊಂಡು ನಿಧಾನವಾಗಿ ಅಗಿದೆ. ಉಣ್ಣಮ್ಮಾ, ಉಣ್ಣು. ನಿಮ್ಮಮ್ಮ ಉಂಡದ್ದು ಇದನ್ನೇ.

ಒಂದು ತೊಂದರೆಯನ್ನು ಮಾತ್ರ ನಾನು ಮುಂದಾಗಿ ಯೋಚಿಸಿರಲಿಲ್ಲ. ನಾನು ಉಪ್ಪು ಹಾಕಿಕೊಂಡರೆ ಬಟ್ಟಲು ಪಕ್ಕಕ್ಕೆ ದಾಟಿಸಲೇಬೇಕು. ದಾಟಿಸದಿದ್ದರೆ ನನ್ನ ಕಳ್ಳತನ ಹಿಂದಿನ ಡೆಸ್ಕಿಗೆ ಕಾಣುತ್ತದೆ. ಹಾಗಾಗಿ ಆ ಊಟಕ್ಕೂ ಮುಂದಿನ ಊಟಗಳಿಗೂ ನಾನೂ ಸಪ್ಪೆಯನ್ನೇ ನುಂಗಬೇಕಾಯಿತು. ಸೇಡಿಗೂ ಖರ್ಚಿದೆ ಎಂದು ಸಮಾಧಾನ ಹೇಳಿಕೊಂಡೆ.

ಧ್ಯಾನದ ಕೋಣೆಯಲ್ಲಿ ‘ಸ್ವಾಮಿ’ ಎಂಬ ಪದ ಆರಿಸಿಕೊಂಡೆ. ಉಸಿರು ಎಳೆಯುವಾಗ ‘ಸ್ವಾ’, ಬಿಡುವಾಗ ‘ಮಿ’. ನಾಲ್ಕಾರು ಉಸಿರು ನೆಟ್ಟಗೆ ಹೋಯಿತು. ಆಮೇಲೆ ನೋಡಿಕೊಂಡರೆ, ಎಳೆಯುವಾಗ ‘ಉಪ್ಪಿಲ್ದಿರೋ’, ಬಿಡುವಾಗ ‘ಗಂಜಿ’. ವಾಪಸು ಬಂದೆ. ಮತ್ತೆ ಗಂಜಿ. ಸಂಜೆ ದಿನವನ್ನು ಮೊದಲಿಂದ ನೋಡಿ ಅಂದಾಗ ಮಾತ್ರ ಯಾವ ಕಷ್ಟವೂ ಆಗಲಿಲ್ಲ. ಮುದ್ದೆ ನುಂಗಿದಾಗ ನಿಂತ ಆ ಕಣ್ಣನ್ನು ಮತ್ತೆ ಮತ್ತೆ, ಸಿನಿಮಾ ಹಾಡಿನ ಹಾಗೆ, ಹಿಂದಕ್ಕೆ ಹಾಕಿ ಹಾಕಿ ನೋಡಿದೆ.

ಮರುದಿನ ಒಬ್ಬೊಬ್ಬರೂ ಸಿಸ್ಟರ್ ಜೊತೆ ಸ್ವಲ್ಪ ಹೊತ್ತು ಮಾತಾಡಬಹುದಿತ್ತು.

“ಪ್ರಾರ್ಥನೆ ಬರ್ತಿಲ್ಲ ಸಿಸ್ಟರ್. ಶಾಪ ಬರ್ತದೆ.”

“ಯಾರಿಗೆ?”

“ಇದಾರೆ ಒಬ್ರು.”

“ಹಂಗಾದ್ರೆ ಶಾಪಾನೇ ಹಾಕಿ. ಆದ್ರೆ ಸ್ವಾಮಿ ಮುಂದೆ ಕೂತು ಹಾಕಿ” ಎಂದು ಬಲಿಪೀಠದಲ್ಲಿ ಪ್ರಸಾದ ಇಡುವ ಪೆಟ್ಟಿಗೆಯ ಪಕ್ಕ ಉರಿಯುತ್ತಿದ್ದ ಕೆಂಪು ದೀಪ ತೋರಿಸಿದರು. “ಪೂರ್ತಿ ಹೇಳಿ. ಅರ್ಧ ನುಂಗಬೇಡಿ. ನುಂಗಿದ್ದೇ ಒಳಗೆ ಕೊಳೆಯೋದು.”

“ಅವರು ಬೇಜಾರು ಮಾಡ್ಕೊಳಲ್ವಾ?”

“ನಿಮಗಿಂತ ಜೋರಾಗಿ ಬೈದೋರನ್ನ ಕೇಳಿಸ್ಕೊಂಡಿದಾರೆ ಬಿಡಿ.”

ಹೋಗಿ ಕೂತೆ. ಸ್ವಾಮಿ, ಅವಳಿಗೆ ಬೀಪಿ ಬರಲಿ. ಡಾಕ್ಟರು ಉಪ್ಪು ಬಿಡಿ ಅನ್ನಲಿ. ಅವಳ ಕಾಲು ಊದಲಿ, ತಿಕ್ಕುವವರು ಸಿಗದಿರಲಿ. ಅವಳು ಸತ್ತ ದಿನ ಯಾರಾದರೂ ಬಂದು ಪೆಟ್ಟಿಗೆ ಮೇಲೆ ಬಿದ್ದು ಸುಳ್ಳು ಹೇಳಲಿ. ಅವಳಿಗೂ ನನ್ನಂಥವಳೇ ಸೊಸೆ ಸಿಗಲಿ. ಇದನ್ನು ಹೇಳಿದ ಮೇಲೆ, ಇದು ಶಾಪವೋ ಏನೋ ಎಂದು ಸ್ವಲ್ಪ ಅನುಮಾನ ಬಂತು. ಇನ್ನೇನಾದರೂ ಉಳಿದಿದೆಯೇ ಎಂದು ತಡಕಾಡಿದೆ. ಇರಲಿಲ್ಲ. ಇಡೀ ವರ್ಷ ಹೊತ್ತು ತಿರುಗಿದ್ದು, ಬಾಯಿ ಬಿಟ್ಟು ಹೇಳಿದರೆ ಒಂದು ಜಪಸರದಷ್ಟೂ ಉದ್ದವಿರಲಿಲ್ಲ. ಅದು ಮುಗಿದ ಜಾಗದಲ್ಲಿ ಕೋಪದ ಬದಲು ಬರೀ ದಣಿವು ಇತ್ತು. ಕಿಟಕಿಯಾಚೆ ಕೆರೆಯ ನೀರು ಬಿಸಿಲಿಗೆ ಅಲುಗಾಡದೆ ಬಿದ್ದಿತ್ತು. ‘ನನಗೆ ಸಾಕಾಗಿದೆ’ ಅಂದೆ. ಯಾರೂ ‘ರೆಸ್ಟ್ ತಗೊಳ್ಳಿ’ ಅನ್ನಲಿಲ್ಲ. ಆ ಕೆಂಪು ದೀಪದ ಮುಂದೆ ಕೂತಲ್ಲೇ ನಿದ್ದೆ ಹೋದೆ. ಅಂಥ ನಿದ್ದೆ ಅತ್ತೆ ಹಾಸಿಗೆ ಹಿಡಿದಾಗಿನಿಂದ ಬಂದಿರಲಿಲ್ಲ. ಎದ್ದಾಗ ಸೆರಗಿನ ಮೇಲೆ ಜೊಲ್ಲು. ಗೊರಕೆ ಹೊಡೆದಿದ್ದೆನೋ ಏನೋ, ಮೌನದ ನಿಯಮ ನನ್ನ ಮಾನ ಕಾಪಾಡಿತು.

ನನ್ನ ಆತ್ಮ ಹೊಸದಾಯಿತೆಂದು ಬರೆಯಲು ಇಷ್ಟವಿದೆ. ಆದರೆ ಹೊಸದಾದದ್ದು ಸೇಡು. ನಿದ್ದೆಯಾದ ಮೇಲೆ ತಲೆ ತಿಳಿಯಾಗಿ, ಮೌನ ಬಿಟ್ಟ ಕೂಡಲೇ ಅವಳಿಗೆ ಹೇಳಬೇಕಾದ ಮಾತು ತಾನಾಗಿ ಹೊಳೆಯಿತು: ‘ಎರಡು ದಿನ ಉಪ್ಪಿಲ್ದೆ ಉಂಡ್ಯಲ್ಲಮ್ಮಾ, ಸತ್ತೋದ್ಯಾ?’ ಅವಳ ಕೋರಮಂಡಲ್‌ನವರೆಲ್ಲ ಇರುವಾಗಲೇ ಹೇಳಬೇಕು. ಅದನ್ನು ಉಸಿರಿನ ಜೊತೆ ಮೆಲ್ಲಗೆ ಅಭ್ಯಾಸ ಮಾಡಿದೆ. ಈ ಸಲ ಪದ ತಪ್ಪಲಿಲ್ಲ.

ಕೊನೆಯ ಗಂಟೆ ಬಾರಿಸಿ, ಎಲ್ಲರನ್ನೂ ಕೂರಿಸಿ, ಸಿಸ್ಟರ್ “ನಿಮಗೆ ಇಲ್ಲಿ ಸಿಕ್ಕಿದ್ದು ಏನು, ಒಂದೊಂದು ಮಾತು ಹೇಳಿ” ಅಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾದಿನಿ ಎದ್ದು ನಿಂತಳು.

“ನಮ್ಮಣ್ಣಿ ಎರಡು ದಿನ ಉಪ್ಪು ಮುಟ್ಟಲಿಲ್ಲ. ಬಟ್ಲು ಕೈಗೆ ಸಿಗಂಗೇ ಇತ್ತು, ಆದ್ರೂ ಮುಟ್ಟಲಿಲ್ಲ. ನಮ್ಮಮ್ಮ ಉಪ್ಪಿಲ್ದೇನೇ ತಿಂದು ಓಗ್ಬುಟ್ಳು. ಅಮ್ಮನ ಎಸರಲ್ಲಿ ಅರಕೆ ಮಾಡ್ಕೊಂಡವ್ರೆ ಅಂತ ಗೊತ್ತಾಯ್ತು. ಅವರನ್ನ ನೋಡಿ ನಾನೂ ಉಪ್ಪು ಬುಟ್ಟೆ.”

‘ದೇವರಿಗೆ ಸ್ತೋತ್ರ’ ಎಂದು ಎಲ್ಲರೂ ಅಂದರು. ಹಿಂದಿನ ಡೆಸ್ಕಿನವರು ಕಣ್ಣೊರೆಸಿಕೊಂಡರು. ಸಿಸ್ಟರ್ ನನ್ನ ಕಡೆ ತಿರುಗಿ, “ಹೌದಾಮ್ಮಾ?” ಅಂದರು.

ಅಭ್ಯಾಸ ಮಾಡಿದ ಮಾತು ನಾಲಿಗೆಯ ಮೇಲೇ ಇತ್ತು. ಅದನ್ನು ಆಡಿದರೆ ಬಟ್ಟಲು ಬಚ್ಚಿಟ್ಟವಳು ನಾನೆಂದೂ ಒಪ್ಪಿಕೊಂಡ ಹಾಗೆ.

“ಹೌದು” ಅಂದೆ.

ಊಟಕ್ಕೆ ಮತ್ತೆ ಅದೇ ಡೆಸ್ಕು. ಈಗ ಮಾತಾಡಬಹುದಿತ್ತು, ಸುತ್ತಲೂ ಸಂತೆಯ ಗದ್ದಲ. ಅವಳು ತಟ್ಟೆ ನೋಡುತ್ತಲೇ ಮೆಲ್ಲಗೆ ಅಂದಳು: “ಬಟ್ಲು ಗೋಡೆ ಕಡೀಕೆ ತಳ್ಳಿದ್ದು ಮೊದಲ್ನೇ ದಿನಾನೇ ನೋಡ್ದೆ ಅಣ್ಣಿ.”

ನಾನು ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದೆ. “ಮತ್ತೆ ಯಾಕೆ ಹಂಗೆ ಹೇಳ್ದೆ?”

“ಅವತ್ತು ಮಣ್ಣಿನ ದಿನ ನೀವು ಬಾಯಿ ಮುಚ್ಕೊಂಡು ನಿಂತ್ರಿ. ನೀವೂ ನಾಕು ಬೈದಿದ್ರೆ ಸರಿಯಾಗೋಗ್ತಿತ್ತು. ಸುಮ್ನೆ ನಿಂತ್ರಲ್ಲಾ, ಬೀದಿಯೋರೆಲ್ಲ ನಿಮ್ಮನ್ನ ಪಾಪ ಅಂದ್ರು, ನನ್ನನ್ನ ಬಜಾರಿ ಅಂದ್ರು, ಆಮೇಲೆ ನಾನು ಬಾಯಿ ತೆರೆಯಂಗಿಲ್ಲ. ಈಗ ಗೊತ್ತಾಯ್ತಾ, ಎಲ್ಲಾರ ಮುಂದೆ ಬಾಯಿ ಕಟ್ಟೋದ್ರೆ ಎಂಗಿರ್ತದೆ ಅಂತ?”

ಇಬ್ಬರೂ ಎರಡು ದಿನ ಒಂದೇ ಡೆಸ್ಕಿನಲ್ಲಿ ಕೂತು ಒಂದೇ ಕೆಲಸ ಮಾಡಿದ್ದೆವು. ಅವಳು ನನಗಿಂತ ಚೆನ್ನಾಗಿ ಮಾಡಿದ್ದಳು. ನನಗದು ಸಹಿಸಲಾಗಲಿಲ್ಲ.

“ನೀನು ತರ್ತಿದ್ದ ಕರುವಾಡಿಗೆ ನಿಮ್ಮಮ್ಮನ ಕಾಲು ಊದ್ತಿತ್ತು” ಅಂದೆ. “ತಿಕ್ತಿದ್ದೋಳು ನಾನು.”

ಅವಳು ಮುದ್ದೆಯ ಒಂದು ತುಂಡು ಮುರಿದು ಸಾರಿನಲ್ಲಿ ಬಿಟ್ಟಳು. ಆಮೇಲೆ ತಟ್ಟೆಗೇ ಹೇಳುವ ಹಾಗೆ, “ಅವತ್ತು ಆ ಮಾತು ಅನ್ಬಾರ್ದಾಗಿತ್ತು” ಅಂದಳು.

“ಏನಂದೆ? ಕೇಳಿಸ್ಲಿಲ್ಲ. ಜೋರಾಗಿ ಹೇಳು.”

“ಒಂದೇ ಸಲ ಅಣ್ಣಿ ಏಳಾದು. ಕೇಳಿಸ್ತು ನಿಮಗೆ.”

ಕೇಳಿಸಿತ್ತು. ನಲವತ್ತು ಜನರ ಮುಂದೆ ಬೇಕಿದ್ದ ಮಾತು ಪಾತ್ರೆಗಳ ಸದ್ದಿನಲ್ಲಿ ನನ್ನೊಬ್ಬಳ ಕಿವಿಗೆ ಬಿದ್ದಿತ್ತು. ಇದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಈಗಲೂ ಜಗಳವಾಡುತ್ತೇನೆ, ನನ್ನೊಳಗೇ. ಕ್ಷಮಿಸಿದೆನೆಂದು ಹೇಳಲಾರೆ. ಆದರೆ ಇದ್ದಕ್ಕಿದ್ದಂತೆ ಭಯಂಕರ ಹಸಿವಾಯಿತು. ಚೊಂಬು ಸರಿಸಿ ಉಪ್ಪಿನ ಬಟ್ಟಲಿಗೆ ಕೈ ಚಾಚಿದೆ. ಮೊದಲು ನನ್ನ ಸಾರಿಗೆ. ಆಮೇಲೆ, ನೋಡೋಣ, ಅವಳದಕ್ಕೆ.

ಅಷ್ಟರಲ್ಲಿ ಹಿಂದಿನ ಡೆಸ್ಕಿನ ಹೆಂಗಸು ಎದ್ದು ಬಂದು, “ಅಯ್ಯೋ ಅಮ್ಮಾ, ಅರಕೆ ಮಾಡಿರೋರ ಮುಂದೆ ಇದನ್ನ ಯಾರು ಇಟ್ಟೋರು” ಎಂದು ಭಕ್ತಿಯಿಂದ ಬಟ್ಟಲನ್ನು ಎತ್ತಿಕೊಂಡು ಹೋದಳು.