ಬಗ್ಗಿದ ತಲೆಗಳು

ದಿನಾ ಸೊಲ್ಲಾಪುರದಿಂದ ಬಸ್ಸು ಹಿಡಿದು ಅಕ್ಕಲಕೋಟೆಗೆ ಹೋಗಿ, ಕನ್ನಡ ಶಾಲೆಯ ಏಳನೆಯ ತರಗತಿಗೆ ಗಣಿತ ಕಲಿಸುತ್ತೇನೆ. ನನ್ನದು ಮೂಗಿನ ತುದಿಯ ಸಿಟ್ಟು. ಮೊನ್ನೆ ಪರೀಕ್ಷೆ ಇಟ್ಟಿದ್ದೆ. ಒಳಗೆ ಹೋದರೆ ಇಬ್ಬರು ಹುಡುಗರು ಕಿಟಕಿ ಪಕ್ಕದ ಜಾಗಕ್ಕಾಗಿ ಕಾಲರ್ ಹಿಡಿದುಕೊಂಡು ಗುದ್ದಾಡುತ್ತಿದ್ದರು. ಬೈಗುಳವೆಲ್ಲ ಮರಾಠಿಯಲ್ಲಿ. ಬಿಡಿಸಲು ನಡುವೆ ಹೋದೆ. ಒಬ್ಬನ ಕಾಲು ನನ್ನ ಪಾದಕ್ಕೆ ಬಡಿಯಿತು.

"ತಪ್ಪಾತ್ರಿ ಮ್ಯಾಡಮ್!" ಎಂದು ಅವನು ಜಗಳ ಬಿಟ್ಟು ಬಗ್ಗಿ, ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

ಇನ್ನೊಬ್ಬ ಸುಮ್ಮನಿರಬೇಕಲ್ಲ! "ಲೇ, ಅತ್ತಾಗ ಸರಿ, ನಿನ್ನ ದಬ್ಬಿದಾಂವ ನಾ. ತಪ್ಪ ನಂದು, ನಾ ಮೊದಲ ಕಾಲ ಬೀಳ್ತೀನಿ" ಎಂದು ಅವನನ್ನು ತಳ್ಳಿದ. ನನ್ನ ಕಾಲ ಬಳಿಯೇ ಎರಡನೆಯ ಜಗಳ ಶುರುವಾಯಿತು.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದಳು. "ನನಗೂ ಆಶೀರ್ವಾದ ಮಾಡ್ರಿ ಮ್ಯಾಡಮ್, ಪರೀಕ್ಷಾ ಐತಿ."

ಅವಳ ಹಿಂದೆ ಇಡೀ ತರಗತಿ ಸಾಲುಗಟ್ಟಿತು. ಬೈಯಲು ಬಾಯಿ ತೆರೆದರೆ "ಛಲೋ ಓದು" ಎಂದೇ ಬರುತ್ತಿತ್ತು. ಬಗ್ಗಿದ ತಲೆಯ ಮೇಲೆ ಕೈಯಿಟ್ಟು ಬೈಯುವುದಾದರೂ ಹೇಗೆ? ಕೊನೆಯ ತಲೆ ಮುಟ್ಟುವಾಗ ಗಂಟೆ ಹೊಡೆಯಿತು. ಪರೀಕ್ಷೆ ಹಾಗೇ ಉಳಿಯಿತು. ಮನೆಗೆ ಮರಳುವ ಬಸ್ಸಿನಲ್ಲಿ ನನಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು.

ಮರುದಿನ ಪರೀಕ್ಷೆಯ ಅವೇ ಲೆಕ್ಕಗಳನ್ನು ಹಲಗೆಯ ಮೇಲೆ ಬರೆದೆ. ತಿರುಗಿ ನೋಡಿದರೆ, ಮುಂದಿನ ಬೆಂಚಿನ ಕೆಳಗಿನಿಂದ ಒಂದು ಕಾಲು ಮೆಲ್ಲಗೆ ನನ್ನ ಪಾದದ ಕಡೆಗೆ ಬರುತ್ತಿತ್ತು.

"ಕಾಲ ಒಳಗ ತಗೊಳ್ಳೋ," ಅಂದೆ. "ಇವತ್ತ ಆಶೀರ್ವಾದ ಪರೀಕ್ಷಾ ಮುಗದ ಮ್ಯಾಲೆ."